ಮೊದಲು ಕೈ ಕುದುರಲಿ

2025ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ಶೇ 93.90 ಪಡೆದು ರಾಜ್ಯಕ್ಕೇ ಮೊದಲು ಬಂತು. ಅದರ ಹಿಂದಿನ ವರ್ಷ ದಕ್ಷಿಣ ಕನ್ನಡ ಮೊದಲು, ನಾವು ಎರಡನೆಯವರು. ಪತ್ರಿಕೆಗಳಲ್ಲಿ ಸಾಲು ಸಾಲಾಗಿ ನಗುಮುಖದ ಮಕ್ಕಳ ಫೋಟೊ ಬರುತ್ತದೆ. ಅದಾಗಿ ವಾರ ಕಳೆಯುವುದರೊಳಗೆ ನನ್ನ ಫೋನಿಗೆ ಬಿಡುವಿರುವುದಿಲ್ಲ. "ಮಾರ್ಕ್ ಒಳ್ಳೆಯದೇ ಬಂದಿದೆ ಮೇಡಂ. ಆದರೆ ಇವನಿಗೆ ಯಾವುದರಲ್ಲಿ ಇಂಟರೆಸ್ಟ್ ಅಂತಲೇ ಗೊತ್ತಾಗುವುದಿಲ್ಲ. ಎಂತ ಮಾಡುವುದು?"

ಇನ್ನೊಂದು ಬಗೆಯ ಕರೆ ವರ್ಷವಿಡೀ ಬರುತ್ತದೆ. ಅದು ನನ್ನ ಹಳೆಯ ವಿದ್ಯಾರ್ಥಿಗಳದ್ದು. ಒಬ್ಬ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ, ಒಬ್ಬಳು ಆಸ್ಪತ್ರೆಯ ನೈಟ್ ಶಿಫ್ಟಿನಲ್ಲಿ, ಮತ್ತೊಬ್ಬ ದುಬೈಯ ಗೋದಾಮಿನಲ್ಲಿ. "ಇದು ನನಗೆ ಹೇಳಿಸಿದ ಕೆಲಸ ಅಲ್ಲ ಅನಿಸುತ್ತದೆ ಮೇಡಂ. ಬಿಟ್ಟುಬಿಡಲಾ?" ಹದಿನೇಳರ ಹುಡುಗನ ಪ್ರಶ್ನೆಗೂ ಮೂವತ್ತರ ಹುಡುಗಿಯ ಪ್ರಶ್ನೆಗೂ ಬುಡ ಒಂದೇ. ನಮಗಾಗಿಯೇ ಎತ್ತಿಟ್ಟ ಕೆಲಸವೊಂದು ಎಲ್ಲೋ ಉಂಟು, ಅದು ಸಿಕ್ಕಿಬಿಟ್ಟರೆ ಮತ್ತೆ ಬೇಜಾರು ಎಂಬುದೇ ಇಲ್ಲ ಎಂಬ ನಂಬಿಕೆ ಅದು.

ನಾನು ಕಾರ್ಕಳದಲ್ಲಿ ಪಿಯು ಮಕ್ಕಳಿಗೆ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ಹುಟ್ಟಿದ್ದು ಕಾಪು ತಾಲೂಕಿನ ಶಿರ್ವದ ಹತ್ತಿರ, ಈಗ ಇರುವುದು ಉಡುಪಿಯಲ್ಲಿ. ಚೆನ್ನಾಗಿ ದುಡಿದು, ದುಡಿದದ್ದರಲ್ಲಿ ತೃಪ್ತಿಪಟ್ಟು ಬಾಳಿದವರನ್ನು ಈ ಊರುಗಳಲ್ಲಿ ಹತ್ತಿರದಿಂದ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಮೊದಲೇ ಮೆಚ್ಚಿ ಆ ಕೆಲಸಕ್ಕೆ ಹೋದವರಲ್ಲ. ಸಿಕ್ಕಿದ ಕೆಲಸದಲ್ಲಿ ನಿಧಾನವಾಗಿ ಕೈ ಕುದುರಿತು. ಕೈ ಕುದುರಿದ ಮೇಲೆ ಮನಸ್ಸೂ ಅಲ್ಲಿ ಕೂತಿತು. ತಂದೆತಾಯಿಯರು ನಂಬಲಿಕ್ಕಿಲ್ಲ. ಆದರೆ ಈ ಜಿಲ್ಲೆಯ ಅತಿ ದೊಡ್ಡ ಕೆಲಸಗಾರನ ಕಥೆಯೇ ಹಾಗೆ ಶುರುವಾದದ್ದು.

ತೋನ್ಸೆ ಮಾಧವ ಅನಂತ ಪೈ 1898ರ ಏಪ್ರಿಲ್ 30ರಂದು ಕಲ್ಯಾಣಪುರದಲ್ಲಿ ಹುಟ್ಟಿದರು. ಮದ್ರಾಸಿನಲ್ಲಿ ವೈದ್ಯಕೀಯ ಓದಿದರು. ಪದವಿ ಕೈಗೆ ಬಂದಾಗ ಆ ತರುಣನಿಗಿದ್ದ ಆಸೆ ಜಪಾನಿಗೆ ಹೋಗುವುದು. ತಾಯಿ ಒಪ್ಪಲಿಲ್ಲ. ಇಲ್ಲಿಯೇ ನಿಂತು ಊರಿನವರಿಗೆ ಮದ್ದು ಕೊಡು ಎಂಬುದು ಅವರ ಹಟ. ಮುಂದೆ ಅವರ ಹೆಸರಿನ ಜೊತೆ ಸೇರಿಹೋದ ಮಣಿಪಾಲ ಆಗಿನ್ನೂ ಮುರಕಲ್ಲಿನ ಬೋಳುಗುಡ್ಡ. ಜಪಾನಿನ ಕನಸು ಕಂಡವನಿಗೆ ಊರಿನಲ್ಲೇ ಕೂತು ಜ್ವರ, ಭೇದಿ, ಹುಣ್ಣು ನೋಡುವುದು ಎಷ್ಟು ರುಚಿಸಿದ್ದೀತು?

ಆದರೂ ಕೂತರು. ಕೂತದ್ದರಿಂದಲೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಬಂದವರ ಕಾಯಿಲೆಯ ಹಿಂದೆ ಹಸಿವು, ಹಸಿವಿನ ಹಿಂದೆ ಕೈಯಲ್ಲಿ ಕಾಸಿಲ್ಲದ ಸ್ಥಿತಿ. ಆ ಹೊತ್ತಿಗೆ ಕರಾವಳಿಯ ಕೈಮಗ್ಗ ನೆಲಕಚ್ಚಿ ನೇಕಾರರು ಕಂಗಾಲಾಗಿದ್ದರು. 1925ರಲ್ಲಿ ಅಣ್ಣ ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವರ ಜೊತೆ ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. ಮೂಲ ಬಂಡವಾಳ 8,000 ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. 1969ರಲ್ಲಿ ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಅದರ ಬೋರ್ಡು ಇಳಿಸಿದಾಗ ಈ ಕಡೆಯ ಎಷ್ಟೋ ಮನೆಗಳಲ್ಲಿ ಸಾವಿನ ಸುದ್ದಿ ಕೇಳಿದ ಹಾಗಾಗಿತ್ತು. ನಮ್ಮ ಮನೆಯಲ್ಲೂ.

ಬ್ಯಾಂಕಿನಿಂದ ಶಾಲೆಗೆ. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಶುರುವಾಯಿತು. ಕೈಕಸುಬು ಕಲಿಸುವುದು ಅದರ ಮೊದಮೊದಲ ಕೆಲಸಗಳಲ್ಲೊಂದು. ಈ ಮಾತನ್ನು ನಾನು ತಂದೆತಾಯಿಯರಿಗೆ ಒತ್ತಿ ಹೇಳುತ್ತೇನೆ, ಯಾಕೆಂದರೆ ಮಣಿಪಾಲ ಎಂದರೆ ಡಾಕ್ಟರು, ಇಂಜಿನಿಯರು ಎಂದೇ ಎಲ್ಲರ ಲೆಕ್ಕ. 1949ರಲ್ಲಿ ಉಡುಪಿಯ ಎಂಜಿಎಂ ಕಾಲೇಜು, 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು. ಮೆಡಿಕಲ್ ಕಾಲೇಜಿನ ಮೊದಲ ವರ್ಷಗಳಲ್ಲಿ ಮಕ್ಕಳು ರೋಗಿಗಳ ಪಾಠ ಕಲಿತದ್ದು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ. ಎಲ್ಲ ಸಜ್ಜಾದ ಮೇಲೆ ಆರಂಭಿಸುತ್ತೇನೆ ಎಂದು ಅವರು ಕಾದಿದ್ದರೆ ಆ ಗುಡ್ಡ ಇವತ್ತಿಗೂ ಬೋಳಾಗಿಯೇ ಇರುತ್ತಿತ್ತು.

ಇಷ್ಟನ್ನೂ ಕೇಳಿದ ಮಕ್ಕಳು "ಅವರು ದೊಡ್ಡವರು ಮೇಡಂ" ಎಂದು ಕೈ ತೊಳೆದುಕೊಳ್ಳುತ್ತಾರೆ. ಆಗ ನಾನು ತೋರಿಸುವುದು ಇಷ್ಟೇ: ಇಪ್ಪತ್ತೇಳರ ವಯಸ್ಸಿನಲ್ಲಿ ಮಾಧವ ಪೈಗಳನ್ನು ಯಾರಾದರೂ ಕೂರಿಸಿ "ನಿನ್ನ ಆಸಕ್ತಿ ಯಾವುದು?" ಎಂದು ಕೇಳಿದ್ದರೆ ಅವರು ಮೆಡಿಕಲ್ ಕಾಲೇಜು ಎನ್ನುತ್ತಿರಲಿಲ್ಲ. ಅದು ಅವರ ತಲೆಯಲ್ಲಿ ಇದ್ದಿರಲಾರದು. ಒಂದು ಕೆಲಸ ಮಾಡುತ್ತಿದ್ದಾಗ ಅದರ ಸಂದಿನಿಂದ ಇನ್ನೊಂದು ಕಂಡಿತು, ಅದನ್ನು ಹಿಡಿದಾಗ ಮತ್ತೊಂದು. ಕೂತಲ್ಲೇ ಯೋಚಿಸಿದರೆ ಇಂಥದ್ದು ಹೊಳೆಯುವುದಿಲ್ಲ.

ದೊಡ್ಡವರ ಮಾತು ಬಿಡೋಣ. ಪೈಗಳ ಬ್ಯಾಂಕು 1928ರಲ್ಲಿ ಪಿಗ್ಮಿ ಎಂಬ ಠೇವಣಿ ತಂದಿತು. ದಿನಕ್ಕೆ ಎರಡಾಣೆಯಾದರೂ ಸರಿ, ಬ್ಯಾಂಕಿನವನೇ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಾನೆ. ಬೇರೆ ಬ್ಯಾಂಕುಗಳೂ ಅದನ್ನೇ ಹಿಡಿದವು. ನನ್ನ ಅಪ್ಪ ಕಾಪು ಪೇಟೆಯಲ್ಲಿ ಒಂದು ಬ್ಯಾಂಕಿಗೆ ಪಿಗ್ಮಿ ಸಂಗ್ರಹಿಸುತ್ತಿದ್ದವರು.

ಅಪ್ಪನಿಗೆ ಬೇಕಾಗಿದ್ದದ್ದು ಡ್ರಾಯಿಂಗ್ ಮಾಸ್ಟರ್ ಆಗುವುದು. ಎಸ್ಸೆಸ್ಸೆಲ್ಸಿ ಆದ ಮೇಲೆ ಮನೆಯ ಪರಿಸ್ಥಿತಿ ಬಿಡಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ, ಖಾಕಿ ಬಣ್ಣದ ಕೈಚೀಲಕ್ಕೆ ರಶೀದಿ ಪುಸ್ತಕ, ಕಾರ್ಬನ್ ಹಾಳೆ, ರಬ್ಬರ್ ಬ್ಯಾಂಡು ಹಾಕಿಕೊಂಡು ಹೊರಟರೆ ಮಾರಿಗುಡಿಯ ಹತ್ತಿರದ ಹೂವಿನಂಗಡಿ, ಚಿನ್ನದ ಕೆಲಸದವರು, ಹೋಟೆಲು, ಕ್ಷೌರದಂಗಡಿ, ಆಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭದ ಕಡೆಗೆ ಹೋಗುವ ದಾರಿಯ ಮನೆಗಳು. ಮೀನು ಮಾರುವ ಹೆಂಗಸರ ನೋಟು ಒದ್ದೆಯಾಗಿರುತ್ತಿತ್ತು. ರಾತ್ರಿ ಅದನ್ನು ಹಳೆಯ ಪೇಪರಿನ ಮೇಲೆ ಹರವಿ ಒಣಗಿಸುವುದು ನಮ್ಮ, ಮಕ್ಕಳ, ಕೆಲಸ.

ಮೊದಲ ಒಂದೆರಡು ವರ್ಷ ಅವರು ನಾಚಿಕೊಂಡೇ ನಡೆಯುತ್ತಿದ್ದರಂತೆ, ದಿನಾ ಹೋಗಿ ಕೈ ಒಡ್ಡುವುದೆಂದರೆ ಭಿಕ್ಷೆಯ ಹಾಗೆ ಅನಿಸುತ್ತಿತ್ತಂತೆ. ಆಮೇಲೆ ಒಂದು ಮಳೆಗಾಲದಲ್ಲಿ, ದೋಣಿ ಇಳಿಯದ ದಿನಗಳಲ್ಲಿ, ಮೀನಿನವಳೊಬ್ಬಳು ತನ್ನ ಪಿಗ್ಮಿ ಹಣ ತೆಗೆದು ಮಗಳ ಹೆರಿಗೆಗೆ ಆಸ್ಪತ್ರೆಗೆ ಕಟ್ಟಿದಳು. ಅವಳ ಎಂಟಾಣೆ, ಒಂದು ರೂಪಾಯಿಗಳನ್ನು ದಿನದಿನವೂ ಬರೆದುಕೊಂಡವರು ಅಪ್ಪ. ಆ ದಿನದಿಂದ ತನ್ನ ಕೆಲಸ ಏನೆಂದು ಅವರಿಗೆ ಗೊತ್ತಾಯಿತು. ಅವರ ರಶೀದಿಗಳ ಅಕ್ಷರವನ್ನು ನೀವು ನೋಡಬೇಕಿತ್ತು. ಡ್ರಾಯಿಂಗ್ ಮಾಸ್ಟರನ ಕೈ ಅಲ್ಲಿ ಬಂದು ಕೂತಿತ್ತು. ಯಾರ ಮನೆಯಲ್ಲಿ ಮದುವೆ ಹತ್ತಿರ ಬಂದಿದೆ, ಯಾರ ಅಂಗಡಿ ಕಂತು ತಪ್ಪುವ ಹಾಗಿದೆ, ಯಾರಿಗೆ ಸ್ವಲ್ಪ ಜಾಸ್ತಿ ಹಾಕಲು ಹೇಳಬೇಕು ಎಂಬುದೆಲ್ಲ ಬ್ಯಾಂಕಿನ ಮ್ಯಾನೇಜರಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು.

ಅಮೆರಿಕದ ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಮನುಷ್ಯನಿಗೆ ಕೆಲಸದಲ್ಲಿ ಹುರುಪು ಎಲ್ಲಿಂದ ಬರುತ್ತದೆ ಎಂದು ದಶಕಗಳ ಕಾಲ ಹುಡುಕಿದರು. ಅವರ ಪ್ರಕಾರ ಮೂರು ಸಂಗತಿ ಬೇಕು: ಮಾಡುವುದರಲ್ಲಿ ತನ್ನ ಮಾತು ಸ್ವಲ್ಪವಾದರೂ ನಡೆಯಬೇಕು, ತನ್ನ ಕೈಲಾಗುತ್ತದೆ ಎಂಬ ಅನುಭವ ಬೇಕು, ತನ್ನವರು ಎನ್ನಬಹುದಾದ ಜನ ಸುತ್ತ ಇರಬೇಕು. ಅಪ್ಪನ ಕೆಲಸದಲ್ಲಿ ಈ ಮೂರೂ ಇದ್ದವು. ಇಲ್ಲದಿದ್ದದ್ದು ಸಂಬಳ.

ಅದನ್ನೂ ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ. ಪಿಗ್ಮಿ ಸಂಗ್ರಾಹಕರಿಗೆ ಇದ್ದದ್ದು ಕಮಿಷನ್ ಮಾತ್ರ. ಜ್ವರ ಬಂದು ಮಲಗಿದರೆ ಆ ದಿನದ ದುಡಿಮೆ ಇಲ್ಲ, ಮುಪ್ಪಿಗೆ ಪಿಂಚಣಿ ಇಲ್ಲ. ಬ್ಯಾಂಕಿನ ಜವಾನನೂ ನೌಕರ, ದಿನವಿಡೀ ಬ್ಯಾಂಕಿನ ಹೆಸರು ಹೇಳಿಕೊಂಡು ಅಲೆಯುವವರು ಮಾತ್ರ ಏಜೆಂಟರು. ಸಂಗ್ರಾಹಕರು ಸಂಘ ಕಟ್ಟಿ ಹೋರಾಡಿದರು. 1988ರಲ್ಲಿ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿ ಅವರಿಗೆ ಕನಿಷ್ಠ ಖಾತರಿ ವೇತನ, ಗ್ರಾಚ್ಯುಟಿ ಕೊಡಬೇಕೆಂದು ತೀರ್ಪಿತ್ತಿತು. ಬ್ಯಾಂಕುಗಳು ಮೇಲಿನ ಕೋರ್ಟಿಗೆ ಹೋದವು. ಕೊನೆಗೆ 2001ರಲ್ಲಿ ಸುಪ್ರೀಂ ಕೋರ್ಟು ಸಿಂಡಿಕೇಟ್ ಬ್ಯಾಂಕಿನ ಕಾರ್ಮಿಕರ ಪ್ರಕರಣದಲ್ಲಿ ಠೇವಣಿ ಸಂಗ್ರಾಹಕರೂ ಕಾರ್ಮಿಕರೇ ಎಂದು ಎತ್ತಿಹಿಡಿಯಿತು. ಎರಡು ದಶಕಗಳಷ್ಟು ಉದ್ದದ ಜಗಳ. ಅಷ್ಟೂ ಕಾಲ ಅವರು ಬಿಸಿಲಲ್ಲಿ ನಡೆಯುವುದನ್ನು ನಿಲ್ಲಿಸಲಿಲ್ಲ, ಕೇಳುವುದನ್ನೂ ನಿಲ್ಲಿಸಲಿಲ್ಲ. ಕಷ್ಟ ಬಂದಾಗ ಕೆಲಸದಲ್ಲಿ ಗಟ್ಟಿಯಾಗಿ ನಿಲ್ಲಿ ಎಂದು ಉಪದೇಶ ಮಾಡುವವರು ಈ ಎರಡನೆಯ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನನಗೆ ಅದರ ಮೇಲೆ ಸಿಟ್ಟಿದೆ. ಬಾಯಿ ಮುಚ್ಚಿಕೊಂಡು ಸಹಿಸುವ ಹುಡುಗ ಹುಡುಗಿಯರನ್ನು ಹೊಗಳುವುದರಿಂದ ಲಾಭವಾಗುವುದು ದುಡಿಸಿಕೊಳ್ಳುವವರಿಗೆ.

ಅಮ್ಮನ ಕಡೆಗೆ ಬರುತ್ತೇನೆ. ಅಮ್ಮನದು ಮಲ್ಲಿಗೆ. ಹೊರಗಿನವರು ಉಡುಪಿ ಮಲ್ಲಿಗೆ ಎನ್ನುತ್ತಾರೆ, ನಮಗೆ ಅದು ಶಂಕರಪುರ ಮಲ್ಲಿಗೆ. ಶಂಕರಪುರ, ಶಿರ್ವ, ಮೂಡುಬೆಳ್ಳೆ, ಬೆಳ್ಮಣ್ಣಿನ ಸುತ್ತ ಮನೆಮನೆಗೂ ಹತ್ತು ಇಪ್ಪತ್ತು ಗಿಡ ಇರುತ್ತದೆ. ಕ್ರೈಸ್ತರ ಮನೆಯಲ್ಲೂ, ಬಂಟರ ಮನೆಯಲ್ಲೂ, ಬಿಲ್ಲವರ ಮನೆಯಲ್ಲೂ. ಜಾಗ ಇಲ್ಲದವರು ಈಗ ತಾರಸಿಯ ಮೇಲೆ ಕುಂಡದಲ್ಲೂ ಬೆಳೆಸುತ್ತಾರೆ.

ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚು ಕಟ್ಟಿಕೊಂಡು ಕೊಯ್ಲು. ಇನ್ನೂ ಅರಳದ, ಆದರೆ ಆ ದಿನ ಸಂಜೆಗೆ ಅರಳಲಿರುವ ಮೊಗ್ಗನ್ನೇ ಆರಿಸಬೇಕು. ಎಳೆಯದನ್ನು ಕಿತ್ತರೆ ಅರಳದೆ ಕಪ್ಪಾಗುತ್ತದೆ, ಬಿಟ್ಟರೆ ನಾಳೆಗೆ ಅದು ಮಾರುಕಟ್ಟೆಯ ಹೂವಲ್ಲ. ಕತ್ತಲಲ್ಲಿ ಕಣ್ಣಿಗಿಂತ ಬೆರಳೇ ಮೊಗ್ಗನ್ನು ಗುರುತಿಸುತ್ತದೆ, ಉಬ್ಬಿದ ಹೊಟ್ಟೆಯ ನುಣುಪಿನಿಂದ. ಒಣಗಿದ ಬಾಳೆನಾರನ್ನು ನೀರಲ್ಲಿ ನೆನೆಸಿ ಸೀಳಿ, ಎಡಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಮೊಗ್ಗುಗಳನ್ನು ಎದುರುಬದುರು ಜೋಡಿಸಿ, ಬಲಗೈಯಲ್ಲಿ ಒಂದು ಸುತ್ತು, ಒಂದು ಬಿಗಿತ. ಬಿಗಿ ಹೆಚ್ಚಾದರೆ ತೊಟ್ಟು ಕತ್ತರಿಸಿ ಬೀಳುತ್ತದೆ, ಕಮ್ಮಿಯಾದರೆ ಮಾಲೆ ಜೋಲುತ್ತದೆ. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯ 3,200 ಹೂವಿಗೂ ಆ ಬೆರಳು ಸರಿಯಾದ ಬಿಗಿ ಕೊಡಬೇಕು. ಕಲಿಯುವ ಮಕ್ಕಳಿಗೆ ಮೊದಲ ತಿಂಗಳು ಅಳು ಬರುತ್ತದೆ. ನನಗೂ ಬಂದಿತ್ತು. ಆಮೇಲೊಂದು ದಿನ ಕೈ ತನ್ನಷ್ಟಕ್ಕೆ ಕಟ್ಟುತ್ತಿರುತ್ತದೆ, ಬಾಯಿ ಪಕ್ಕದವರ ಜೊತೆ ಮಾತಾಡುತ್ತಿರುತ್ತದೆ. ಅಲ್ಲಿಂದ ಆ ಕೆಲಸ ಹಿತ.

ಅವತ್ತಿನ ದರ ಶಂಕರಪುರದ ಹೂವಿನ ಕಟ್ಟೆಯಲ್ಲಿ ಬೆಳಗ್ಗೆ ನಿಗದಿಯಾಗುತ್ತದೆ. ಮದುವೆಯ ಹಂಗಾಮಿನಲ್ಲಿ, ಜಾತ್ರೆ ಕೋಲಗಳ ದಿನಗಳಲ್ಲಿ ಅಟ್ಟೆಗೆ 2,000 ರೂಪಾಯಿ ದಾಟಿದ್ದುಂಟು, ಹೂ ಧಾರಾಳವಾಗಿ ಬಂದು ಸಮಾರಂಭಗಳಿಲ್ಲದ ದಿನ ಕೆಲವು ನೂರಕ್ಕೆ ಇಳಿಯುವುದೂ ಉಂಟು. ನಿನ್ನೆ ದುಡಿದಷ್ಟೇ ದುಡಿದಿದ್ದೀರಿ, ನಿನ್ನೆ ಕೊಟ್ಟಷ್ಟೇ ಹೂ ಕೊಟ್ಟಿದ್ದೀರಿ, ಕೈಗೆ ಬಂದದ್ದು ನಿನ್ನೆಯದರ ಕಾಲು ಭಾಗ. ಇದನ್ನು ವರ್ಷಗಟ್ಟಲೆ ತಾಳಿಕೊಳ್ಳುವುದು ಹೇಗೆ ಎಂದು ಕೇಳಿದರೆ ಅಮ್ಮನ ಉತ್ತರದಲ್ಲಿ ಮನೋಬಲದ ಮಾತೇ ಇರುತ್ತಿರಲಿಲ್ಲ. ಒಂದು ದನ ಇಟ್ಟುಕೊಳ್ಳಬೇಕು, ಗೊಬ್ಬರಕ್ಕೂ ಆಯಿತು, ಹಾಲಿಗೂ ಆಯಿತು. ನಾಲ್ಕು ಮನೆಯವರು ಸೇರಿ ಕೂತು ಕಟ್ಟಬೇಕು. ಗಿಡದ ಗೆಲ್ಲು ಕತ್ತರಿಸುವಾಗ ಎಲ್ಲ ಗಿಡವನ್ನೂ ಒಂದೇ ದಿನ ಕತ್ತರಿಸಬಾರದು, ವಾರ ಬಿಟ್ಟು ವಾರ ಕತ್ತರಿಸಿದರೆ ಹೂವೂ ಸರದಿಯಂತೆ ಬರುತ್ತದೆ. ದರ ನಮ್ಮ ಕೈಯಲ್ಲಿಲ್ಲ, ಗೆಲ್ಲು ನಮ್ಮ ಕೈಯಲ್ಲಿದೆ. ಕೊಲ್ಲಿಯಿಂದ ಕೆಲಸ ಕಳೆದುಕೊಂಡು ಬಂದ ನಮ್ಮ ಪಕ್ಕದ ಮನೆಯವರು ಅಮ್ಮನ ಹತ್ತಿರ ಗೆಲ್ಲು ತೆಗೆದುಕೊಂಡು ಹೋಗಿ ನೆಟ್ಟರು. ಮೊದಲ ವರ್ಷ ಖರ್ಚೇ ಜಾಸ್ತಿ. ಅವರ ಹೆಂಡತಿ ಬೀಡಿ ಕಟ್ಟಿ ಅಕ್ಕಿಯ ಖರ್ಚು ನೋಡಿಕೊಂಡದ್ದರಿಂದ ಅವರು ಉಳಿದರು. ಛಲ ಎಂದು ನಾವು ಒಬ್ಬರ ಹೆಸರಿಗೆ ಬರೆಯುವುದರಲ್ಲಿ ಹೆಚ್ಚಿನ ಸಲ ಇಬ್ಬರ ದುಡಿಮೆ ಇರುತ್ತದೆ.

ಕಾರ್ಕಳಕ್ಕೆ ನಾನು ಪಾಠ ಹೇಳಲು ಹೋದಾಗ ಬೆಟ್ಟದ ಮೇಲಿನ ಗೊಮ್ಮಟನನ್ನು ತೋರಿಸಿ ಮಕ್ಕಳು ಹೆಮ್ಮೆಪಡುತ್ತಿದ್ದರು. ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ್ದು, 42 ಅಡಿ. ಅದಕ್ಕಿಂತ ನನಗೆ ಹತ್ತಿರವಾದದ್ದು ಆ ಊರಿನಲ್ಲೇ ಹುಟ್ಟಿದ ಇನ್ನೊಂದು ಗೊಮ್ಮಟನ ಕಥೆ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕಾರ್ಕಳದ ಶಿಲ್ಪಿ ರೆಂಜಾಳ ಗೋಪಾಲ ಶೆಣೈ ಕೆತ್ತಿದ್ದು ಅಲ್ಲಿಯೇ. ಧರ್ಮಸ್ಥಳದ ಧರ್ಮಾಧಿಕಾರಿ ರತ್ನವರ್ಮ ಹೆಗ್ಗಡೆಯವರು ಆ ಕೆಲಸ ಒಪ್ಪಿಸಿದಾಗ ಶೆಣೈಯವರಿಗೆ ವಯಸ್ಸು ಎಪ್ಪತ್ತರ ಆಸುಪಾಸು. ಆ ವಯಸ್ಸಿಗೆ ಜನ ಬೆಂಚಿನ ಮೇಲೆ ಕೂತು ಕಳೆದ ಕಾಲದ ಮಾತಾಡುತ್ತಾರೆ. ಕೆತ್ತನೆ ನಡೆಯುತ್ತಿದ್ದಾಗಲೇ, 1968ರಲ್ಲಿ, ಕೆಲಸ ಒಪ್ಪಿಸಿದ ಹೆಗ್ಗಡೆಯವರು ತೀರಿಕೊಂಡರು. ಮಗ ವೀರೇಂದ್ರ ಹೆಗ್ಗಡೆಯವರು ಇಪ್ಪತ್ತರ ಹೊಸ್ತಿಲಲ್ಲಿ ಪಟ್ಟಕ್ಕೆ ಬಂದು ಕೆಲಸ ಮುಂದುವರಿಸಿದರು. 1973ರಲ್ಲಿ 64 ಗಾಲಿಗಳ ಟ್ರಾಲಿಯಲ್ಲಿ ಮೂರ್ತಿ ಧರ್ಮಸ್ಥಳಕ್ಕೆ ಹೊರಟಾಗ ದಾರಿಯುದ್ದಕ್ಕೂ ಜನ ಕೈಮುಗಿದು ನಿಂತಿದ್ದರೆಂದು ಕಾರ್ಕಳದ ಹಿರಿಯರು ಈಗಲೂ ಹೇಳುತ್ತಾರೆ. ಪ್ರತಿಷ್ಠಾಪನೆಯ ಮಹಾಮಸ್ತಕಾಭಿಷೇಕ ನಡೆದದ್ದು 1982ರಲ್ಲಿ.

ಅಷ್ಟು ದೊಡ್ಡ ಬಂಡೆಯಲ್ಲಿ ಒಂದು ಏಟು ಹೆಚ್ಚಾದರೂ ಮೂಗು ಹೋಯಿತು, ತುಟಿ ಹೋಯಿತು. ಹಿಂದಕ್ಕೆ ಅಂಟಿಸುವ ಹಾಗಿಲ್ಲ. ಅಂಥ ಏಟನ್ನು ಹಾಕುವ ಧೈರ್ಯ ಎಪ್ಪತ್ತಕ್ಕೆ ಬರಬೇಕಾದರೆ ಅದರ ಹಿಂದೆ ಐವತ್ತು ವರ್ಷದ ಸಣ್ಣ ಸಣ್ಣ ಕಲ್ಲುಗಳಿವೆ.

ಆ ಸಣ್ಣ ಕಲ್ಲುಗಳ ಅಭ್ಯಾಸ ಹೇಗಿರುತ್ತದೆ ಎಂದು ನೋಡಬೇಕಾದರೆ ಕಾರ್ಕಳದ ಪಕ್ಕದ ಮಿಯ್ಯಾರಿಗೆ ಹೋಗಬೇಕು. ಅಲ್ಲಿ ಕೆನರಾ ಬ್ಯಾಂಕಿನ ಟ್ರಸ್ಟು ನಡೆಸುವ ಸಿ.ಇ. ಕಾಮತ್ ಕುಶಲಕರ್ಮಿಗಳ ತರಬೇತಿ ಸಂಸ್ಥೆ ಉಂಟು. ಕಲ್ಲು, ಮರ, ಲೋಹದ ಕೆತ್ತನೆ ಕಲಿಸುತ್ತಾರೆ; ಒಂದೂವರೆ ವರ್ಷ, ಊಟ ವಸತಿ ಸಹಿತ, ಉಚಿತ. ನಾನು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ದೇವರ ಮುಖ ಕೆತ್ತುವುದನ್ನು ನೋಡಲು ಬಂದ ಮಕ್ಕಳಿಗೆ ಮೊದಲು ಕಾಣುವುದು ಉಳಿ ಸುತ್ತಿಗೆ ಹಿಡಿದು ಕಲ್ಲಿನ ಒಂದು ಮೈಯನ್ನು ಮಟ್ಟಸ ಮಾಡುತ್ತ ಕೂತ ಹೊಸಬರು. ಉಳಿ ಎಷ್ಟು ಓರೆಯಾಗಿರಬೇಕು, ಏಟು ಮಣಿಕಟ್ಟಿನಿಂದ ಬರಬೇಕೋ ಮೊಣಕೈಯಿಂದಲೋ, ಕಲ್ಲಿನ ಸದ್ದು ಬದಲಾದರೆ ಒಳಗೆ ಬಿರುಕಿದೆ ಎಂದು ತಿಳಿಯುವುದು ಹೇಗೆ, ಉಳಿಯ ಮೊನೆ ಮೊಂಡಾದರೆ ಕುಲುಮೆಯಲ್ಲಿ ಕಾಯಿಸಿ ತಟ್ಟಿ ಹದಮಾಡುವುದು ಹೇಗೆ. ಮೊದಮೊದಲು ಬೊಬ್ಬೆ ಏಳದ ಕೈ ಇಲ್ಲ. ಆಮೇಲೆ ತಾಳಮಾನದ ಲೆಕ್ಕ, ಮುಖದ ಅಳತೆಯನ್ನೇ ಮಾನವಾಗಿಟ್ಟುಕೊಂಡು ಇಡೀ ಮೈಯನ್ನು ವಿಭಾಗಿಸುವುದು. ಅಂತೂ ಮುಖಕ್ಕೆ ಉಳಿ ತಾಗುವ ಹೊತ್ತಿಗೆ ಬಹಳ ದಿನ ಕಳೆದಿರುತ್ತದೆ.

ಒಂದು ಮಾತು ಕಲ್ಲಿನ ಕೆಲಸಕ್ಕೆ ಹೋಗುವ ಮಕ್ಕಳಿಗೂ ಅವರನ್ನು ದುಡಿಸುವವರಿಗೂ. ಗ್ರಾನೈಟಿನ ಧೂಳು ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್ ಬರುತ್ತದೆ, ಬಂದದ್ದು ಹೋಗುವುದಿಲ್ಲ. ಯಂತ್ರದಲ್ಲಿ ಕಲ್ಲು ಕೊಯ್ಯುವ ಈ ಕಾಲದಲ್ಲಿ ಧೂಳು ಹಿಂದಿಗಿಂತ ನುಣ್ಣಗೆ, ಹಿಂದಿಗಿಂತ ಹೆಚ್ಚು. ಕೊಯ್ಯುವಾಗ ನೀರು ಹಾಯಿಸಿ, ಧೂಳಿಗೆಂದೇ ಮಾಡಿದ ಮಾಸ್ಕು ಕಟ್ಟಿಕೊಳ್ಳಿ, ಬಟ್ಟೆಯ ತುಂಡು ಸಾಲದು. ಮಾಸ್ಕು ಕೇಳಿದರೆ ನಗುವ ಮೇಸ್ತ್ರಿಯ ಬಳಿ ನಿಲ್ಲಬೇಡಿ.

ಇಲ್ಲಿಂದ ನನ್ನ ಹಳೆಯ ವಿದ್ಯಾರ್ಥಿಗಳ ಪ್ರಶ್ನೆಗೆ: ಬಿಡಲಾ, ನಿಲ್ಲಲಾ? ಒಬ್ಬಳು ನರ್ಸು ರಾತ್ರಿ ಡ್ಯೂಟಿ ಮುಗಿಸಿ ಬಸ್‌ಸ್ಟ್ಯಾಂಡಿನಿಂದಲೇ ಫೋನ್ ಮಾಡಿದ್ದಳು. ದಣಿವು ನಿದ್ದೆ ಮಾಡಿದರೂ ಹೋಗುತ್ತಿರಲಿಲ್ಲ. ರೋಗಿಗಳು ಕರೆದರೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದದ್ದಕ್ಕೆ ಅಳು ಬರುತ್ತಿತ್ತು. ತನ್ನಿಂದ ಯಾರಿಗೂ ಏನೂ ಆಗುತ್ತಿಲ್ಲ ಎಂದು ಅನಿಸುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಎಂಬುದನ್ನು ವಿವರಿಸುವಾಗ ಹೇಳಿದ್ದು ಹೆಚ್ಚುಕಡಿಮೆ ಇದೇ ಮೂರನ್ನು: ಶಕ್ತಿ ಬರಿದಾಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಕಹಿಯಾಗುವುದು, ಕೈಲಾಗದು ಎನಿಸುವುದು. ಅದು ಕಾಯಿಲೆಯಲ್ಲ, ಕೆಲಸದ ಜಾಗದಲ್ಲಿ ನಿಭಾಯಿಸದೆ ಉಳಿದ ಒತ್ತಡದ ಫಲ ಎಂದೂ ಹೇಳಿದ್ದಾರೆ. ಹಾಗಾಗಿ "ಮನಸ್ಸು ಗಟ್ಟಿ ಮಾಡಿಕೋ" ಎನ್ನುವುದು ಇದಕ್ಕೆ ಮದ್ದಲ್ಲ.

ನಾನು ಅವಳಿಗೆ ಕೇಳಿದ್ದು ಮೂರೇ ಮಾತು. ಹೋದ ವರ್ಷ ಬಾರದಿದ್ದ ಯಾವ ಕೆಲಸ ಈ ವರ್ಷ ನಿನ್ನ ಕೈಗೆ ಬರುತ್ತದೆ? ನಿನಗಿಂತ ಹತ್ತು ವರ್ಷ ಹಿರಿಯಳಾದ ನರ್ಸನ್ನು ನೋಡಿದಾಗ ಹಾಗಾಗಬೇಕು ಅನಿಸುತ್ತದಾ? ಇಲ್ಲಿ ಏನಾದರೂ ಬದಲಾಗಬೇಕೆಂದು ಬಾಯಿಬಿಟ್ಟು ಯಾರ ಹತ್ತಿರವಾದರೂ ಕೇಳಿದ್ದೀಯಾ? ಮೊದಲ ಪ್ರಶ್ನೆಗೆ ಅವಳು ಬಹಳ ಹೊತ್ತು ಪಟ್ಟಿ ಹೇಳಿದಳು. ಎಳೆಮಗುವಿನ ರಕ್ತನಾಳ ಹುಡುಕುವುದು ಅದರಲ್ಲೊಂದು. ಎರಡನೆಯದಕ್ಕೆ ಡಯಾಲಿಸಿಸ್ ವಿಭಾಗದ ಒಬ್ಬರ ಹೆಸರು ಹೇಳಿದಳು. ಮೂರನೆಯದಕ್ಕೆ ಇಲ್ಲ ಎಂದಳು. ಲಿಖಿತವಾಗಿ ಕೇಳು, ವಿಭಾಗ ಬದಲಿಸಿಕೊಡಲು ಕೇಳು, ಕೊಡದಿದ್ದರೆ ಬೇರೆ ಕಡೆ ನೋಡಿಕೊಂಡು ಆಮೇಲೆ ಬಿಡು ಎಂದೆ. ಅವಳು ಕೇಳಿದಳು, ಕೊಡಲಿಲ್ಲ. ಬೇರೊಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಕೆಲಸ ಹಿಡಿದಳು. ವಾರಕ್ಕೆ ಎರಡು ಮೂರು ಸಲ ಅದೇ ರೋಗಿಗಳು ಬರುತ್ತಾರೆ, ಅವರ ಮಕ್ಕಳ ಹೆಸರೂ ಅವಳಿಗೆ ಗೊತ್ತು. ಅವಳು ನರ್ಸಿಂಗ್ ಬಿಡಲಿಲ್ಲ, ಒಂದು ವಾರ್ಡು ಬಿಟ್ಟಳು. ಹೀಗೆ ಇಡೀ ವೃತ್ತಿಯನ್ನೇ ಬಿಡುವ ಮೊದಲು ಅದರೊಳಗೆ ಜಾಗ ಬದಲಿಸಿ ನೋಡಿದವರಲ್ಲಿ ಹಲವರು ಉಳಿದುಕೊಂಡಿದ್ದಾರೆ.

ಮೂರಕ್ಕೂ ಉತ್ತರ ಬರಿದಾಗಿದ್ದರೆ ಬಿಡುವುದೇ ಸರಿ ಎಂದು ನಾನು ನೇರವಾಗಿ ಹೇಳುತ್ತೇನೆ. ಬಿಟ್ಟು ಬಂದವರಿಗೆ ಈ ಕಡೆ ದಾರಿ ಮುಚ್ಚಿಲ್ಲ. ಧರ್ಮಸ್ಥಳ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ಶಾಖೆ ನಮ್ಮ ಬ್ರಹ್ಮಾವರದಲ್ಲೇ ಇದೆ. ಹೊಲಿಗೆ, ವಿದ್ಯುತ್ ಉಪಕರಣ ರಿಪೇರಿ, ಮೊಬೈಲ್ ರಿಪೇರಿ, ಹೈನುಗಾರಿಕೆ ಹೀಗೆ ವಾರಗಳ ಅವಧಿಯ ಉಚಿತ ವಸತಿ ತರಬೇತಿಗಳು. ಮೂವತ್ತೈದಕ್ಕೆ ಬಂದು ಹೊಸದಾಗಿ ಕಲಿಯುವವರೂ ಅಲ್ಲಿ ಇರುತ್ತಾರೆ. ತರಬೇತಿ ಮುಗಿದ ಮೇಲೆ ಎರಡು ವರ್ಷದವರೆಗೆ ಬೆನ್ನಿಗೆ ನಿಂತು ವಿಚಾರಿಸುವುದು, ಬ್ಯಾಂಕ್ ಸಾಲಕ್ಕೆ ಜೋಡಿಸುವುದು ಆ ಸಂಸ್ಥೆಯ ಕ್ರಮ. ನನ್ನ ಕಣ್ಣಿಗೆ ಅದರ ದೊಡ್ಡತನ ಇರುವುದು ಈ ಎರಡು ವರ್ಷದಲ್ಲಿ. ಹೊಸ ಕೆಲಸ ಹಿಡಿದವರು ಬೀಳುವುದು ಕಲಿಯುವಾಗ ಅಲ್ಲ, ಕಲಿತು ಅಂಗಡಿ ತೆರೆದ ಮೇಲಿನ ಮೊದಲ ಮಳೆಗಾಲದಲ್ಲಿ. ಇದೇ ಮಾದರಿಯಲ್ಲಿ ಮುಂದೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಬಂದವು.

ಇನ್ನು ಪಿಯುಸಿ ಮುಗಿಸಿದ ಮಕ್ಕಳಿಗೆ. ಆಸಕ್ತಿ ಯಾವುದೆಂದು ಗೊತ್ತಿಲ್ಲದಿದ್ದರೆ ಹೆದರಬೇಡಿ, ಅದು ದೋಷವಲ್ಲ. ಕೌನ್ಸೆಲಿಂಗ್ ಶುರುವಾಗುವ ಮೊದಲು ರಜೆಯ ಒಂದಿಷ್ಟು ದಿನ ಕೆಲಸ ನಡೆಯುವ ಜಾಗಗಳಿಗೆ ಹೋಗಿ ಕೂತು ನೋಡಿ. ಮಣಿಪಾಲದಲ್ಲಿ ಲ್ಯಾಬ್ ಟೆಕ್ನಿಷಿಯನ್ನರು, ಮಲ್ಪೆಯಲ್ಲಿ ಬೋಟು ಇಂಜಿನ್ ಬಿಚ್ಚುವವರು, ಕಾರ್ಕಳದ ಗೇರುಬೀಜದ ಕಾರ್ಖಾನೆ, ಉಡುಪಿಯ ಲೆಕ್ಕಪರಿಶೋಧಕರ ಕಚೇರಿ, ಯಾವುದಾದರೂ ಆಗಬಹುದು. ಪರಿಚಯದವರ ಮೂಲಕ ಹೋದರೆ ಹೆಚ್ಚಿನವರು ಬೇಡ ಎನ್ನುವುದಿಲ್ಲ. ಸಂಬಳದ ದಿನ, ಗಿರಾಕಿ ತುಂಬಿದ ದಿನ ಹೋಗಬೇಡಿ, ಸಾಮಾನ್ಯ ಮಂಗಳವಾರ ಹೋಗಿ. ಆ ಕೆಲಸದ ಬೇಜಾರಿನ ಭಾಗ ಯಾವುದು ಎಂದು ಮೊದಲು ಕೇಳಿ, ಎಲ್ಲ ಕೆಲಸಕ್ಕೂ ಅದೊಂದು ಇದ್ದೇ ಇರುತ್ತದೆ. ಆ ಬೇಜಾರನ್ನು ನಾನು ಹೊರಬಲ್ಲೆನಾ ಎಂದು ಮನೆಗೆ ಬಂದು ಯೋಚಿಸಿ. ಸಂಬಳ ಎಷ್ಟು, ರಜೆ ಎಷ್ಟು, ಪಿಎಫ್ ಕಟ್ಟುತ್ತಾರಾ, ಇದನ್ನೂ ಕೇಳಿ. ಕೇಳುವುದರಲ್ಲಿ ಅವಮರ್ಯಾದೆ ಏನಿಲ್ಲ. ತಂದೆತಾಯಿಯರು ಜೊತೆಗೆ ಬರಬೇಕಾಗಿಲ್ಲ, ಬಸ್ಸಿನ ದುಡ್ಡು ಕೊಟ್ಟರೆ ಸಾಕು.